ಲೆಕ್ಕಪತ್ರದ ಕಚೇರಿಗೆ ಯಾವ ಬ್ರೌಸರ್? ಕ್ರೋಮ್, ಎಡ್ಜ್, ಫೈರ್‌ಫಾಕ್ಸ್‌ಗಳ ಒಂದು ಹೋಲಿಕೆ

ತೆರಿಗೆ ಸಲಹೆಗಾರರ ಕಚೇರಿ ಇರಲಿ, ಸಗಟು ವ್ಯಾಪಾರದ ಅಂಗಡಿ ಇರಲಿ, ಸಣ್ಣ ಕಾರ್ಖಾನೆಯ ಲೆಕ್ಕಪತ್ರ ವಿಭಾಗ ಇರಲಿ, ಇವತ್ತಿನ ಬಹುಪಾಲು ಕೆಲಸ ಬ್ರೌಸರಿನ ಒಳಗೇ ನಡೆಯುತ್ತದೆ. ಜಿಎಸ್‌ಟಿ ರಿಟರ್ನ್, ಟಿಡಿಎಸ್, ಪಿಎಫ್, ಇಎಸ್‌ಐ, ಇ-ವೇ ಬಿಲ್, ಬ್ಯಾಂಕಿನ ಪಾವತಿ, ಟೆಂಡರ್ ಎಲ್ಲವೂ ಅಲ್ಲಿಯೇ. ಟ್ಯಾಲಿಯಂಥ ತಂತ್ರಾಂಶ ಕಂಪ್ಯೂಟರಿನಲ್ಲಿ ಬೇರೆಯಾಗಿ ಇದ್ದರೂ ಅದರಿಂದ ಹೊರಟ ಲೆಕ್ಕ ಕೊನೆಗೆ ಸೇರುವುದು ಯಾವುದಾದರೊಂದು ಪೋರ್ಟಲ್‌ಗೆ. ಹೀಗಿದ್ದರೂ ಬ್ರೌಸರ್ ಆರಿಸುವಾಗ ‘ಯಾವುದು ಬೇಗ ತೆರೆದುಕೊಳ್ಳುತ್ತದೆ’ ಎಂದಷ್ಟೇ ಕೇಳಿ ಸುಮ್ಮನಾಗುತ್ತೇವೆ.

ಕೇಳಬೇಕಾದ ಪ್ರಶ್ನೆ ಬೇರೆ. ನಿಮ್ಮ ಕಚೇರಿಯಲ್ಲಿ ಬಳಕೆಯಲ್ಲಿರುವ ಪೋರ್ಟಲ್ ಮತ್ತು ತಂತ್ರಾಂಶಗಳಲ್ಲಿ ಎಲ್ಲಕ್ಕಿಂತ ಹಠಮಾರಿ ಯಾವುದು? ಅದು ಯಾವ ಬ್ರೌಸರಿಗೆ ಒಗ್ಗುತ್ತದೆಯೋ ಅದು ಕಚೇರಿಯಲ್ಲಿ ಇರಲೇಬೇಕು. ಅದರ ಜೊತೆಗೆ ಬೇರೆ ಎಂಜಿನ್‌ನ (ಅಂದರೆ ಪುಟವನ್ನು ಓದಿ ತೆರೆಯ ಮೇಲೆ ಮೂಡಿಸುವ ಒಳಭಾಗದ) ಇನ್ನೊಂದು ಬ್ರೌಸರ್ ಸಿದ್ಧವಾಗಿರಬೇಕು. ವಿಂಡೋಸ್ ಬಳಸುವ ಬಹುತೇಕ ಕಚೇರಿಗಳಿಗೆ ನಾನು ಹೇಳುವುದು ಎಡ್ಜ್ ಮತ್ತು ಫೈರ್‌ಫಾಕ್ಸ್ ಜೋಡಿಯನ್ನು. ಕ್ರೋಮ್ ಕೆಟ್ಟದ್ದು ಎಂದಲ್ಲ. ಎಡ್ಜ್ ಇದ್ದ ಕಡೆ ಕ್ರೋಮ್‌ನಿಂದ ಹೆಚ್ಚುವರಿಯಾಗಿ ಸಿಗುವುದು ಕಡಿಮೆ, ಫೈರ್‌ಫಾಕ್ಸ್‌ನಿಂದ ಸಿಗುವುದು ಬಹಳ. ಹಾಗೇಕೆ ಎಂಬುದನ್ನು ಕೆಲಸದ ಲೆಕ್ಕದಲ್ಲಿಯೇ ನೋಡೋಣ.

ಹೆಸರು ಹಲವು, ಎಂಜಿನ್ ಮೂರೇ

ಕ್ರೋಮ್, ಎಡ್ಜ್, ಬ್ರೇವ್, ಒಪೇರಾ, ವಿವಾಲ್ಡಿ ಇವೆಲ್ಲವೂ ಕ್ರೋಮಿಯಂ ಎಂಬ ಒಂದೇ ತಳಹದಿಯ ಮೇಲೆ ನಿಂತಿವೆ. ಎಡ್ಜ್ 2020ರ ಜನವರಿಯಲ್ಲಿ ತನ್ನ ಹಳೆಯ ಎಂಜಿನ್ ಬಿಟ್ಟು ಈ ಗುಂಪಿಗೆ ಸೇರಿತು. ಫೈರ್‌ಫಾಕ್ಸ್‌ಗೆ ಗೆಕೊ ಎಂಬ ಸ್ವಂತ ಎಂಜಿನ್ ಇದೆ, ಸಫಾರಿಗೆ ವೆಬ್‌ಕಿಟ್. ಆದ್ದರಿಂದ ‘ಕ್ರೋಮ್‌ನಲ್ಲಿ ಪುಟ ಸರಿಯಾಗಿ ಬರುತ್ತಿಲ್ಲ, ಒಪೇರಾದಲ್ಲಿ ನೋಡೋಣ’ ಎಂದು ಹೊರಟರೆ ಸಾಮಾನ್ಯವಾಗಿ ಸಿಗುವುದು ಅದೇ ಫಲಿತಾಂಶ. ದೋಷ ಪೋರ್ಟಲ್‌ನದೋ ಬ್ರೌಸರಿನದೋ ಎಂದು ತಿಳಿಯಬೇಕಾದರೆ ಫೈರ್‌ಫಾಕ್ಸ್‌ನಲ್ಲಿ ತೆರೆದು ನೋಡುವುದೇ ನಿಜವಾದ ಪರೀಕ್ಷೆ. ಭಾರತದಲ್ಲಿ ಮಾರಾಟವಾಗುವ ಐಫೋನ್‌ಗಳಲ್ಲಂತೂ ಯಾವ ಹೆಸರಿನ ಬ್ರೌಸರ್ ಹಾಕಿಕೊಂಡರೂ ಒಳಗೆ ಕೆಲಸ ಮಾಡುವುದು ವೆಬ್‌ಕಿಟ್ಟೇ.

ಮ್ಯಾಕ್ ಬಳಸುವವರ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ನಮ್ಮ ಸರ್ಕಾರಿ ಪೋರ್ಟಲ್‌ಗಳ ಸಹಿ ವ್ಯವಸ್ಥೆ ಬೆಳೆದದ್ದು ವಿಂಡೋಸ್ ಸುತ್ತ. ಮ್ಯಾಕ್‌ನಲ್ಲಿ ಸಫಾರಿ ಎಷ್ಟೇ ಚೆನ್ನಾಗಿರಲಿ, ಡಿಜಿಟಲ್ ಸಹಿ ಹಾಕುವ ಕೆಲಸಕ್ಕೆ ಒಂದು ವಿಂಡೋಸ್ ಯಂತ್ರವನ್ನು ಪಕ್ಕದಲ್ಲಿ ಇಟ್ಟುಕೊಳ್ಳುವುದೇ ಜಾಣತನ.

ಡಿಜಿಟಲ್ ಸಹಿ: ಅಸಲಿ ಪರೀಕ್ಷೆ ಇಲ್ಲಿದೆ

ಮಾಲೀಕತ್ವದ ಸಣ್ಣ ವ್ಯಾಪಾರಿಗಳು ಜಿಎಸ್‌ಟಿ ರಿಟರ್ನ್ ಸಲ್ಲಿಸಲು ಮೊಬೈಲಿಗೆ ಬರುವ ಒಟಿಪಿ ಸಾಕು. ಕಂಪನಿ ಮತ್ತು ಎಲ್‌ಎಲ್‌ಪಿಗಳಿಗೆ (ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆ ಸಂಸ್ಥೆಗಳಿಗೆ) ಡಿಎಸ್‌ಸಿ ಬೇಕು, ಅಂದರೆ ಯುಎಸ್‌ಬಿ ಟೋಕನ್‌ನಲ್ಲಿರುವ ಡಿಜಿಟಲ್ ಸಹಿ. ಬ್ರೌಸರ್‌ಗಳ ನಡುವಿನ ವ್ಯತ್ಯಾಸ ಎದ್ದು ಕಾಣುವುದು ಈ ಟೋಕನ್ ಚುಚ್ಚಿದ ಮೇಲೆ.

ಹಿಂದೆ ಜಾವಾ ಆ್ಯಪ್ಲೆಟ್ ಅಥವಾ ಆ್ಯಕ್ಟಿವ್‌ಎಕ್ಸ್ ಎಂಬ ತುಣುಕು ಬ್ರೌಸರಿನ ಒಳಗೇ ಕುಳಿತು ಟೋಕನ್ ಓದುತ್ತಿತ್ತು. ಅದು ಭದ್ರತೆಗೆ ದೊಡ್ಡ ತೂತು ಎಂದು ಗೊತ್ತಾದ ಮೇಲೆ ಬ್ರೌಸರ್‌ಗಳು ಒಂದೊಂದಾಗಿ ಬಾಗಿಲು ಮುಚ್ಚಿದವು. ಕ್ರೋಮ್ 2015ರ ಸೆಪ್ಟೆಂಬರಿನ 45ನೇ ಆವೃತ್ತಿಯಲ್ಲಿ ಇಂಥ ಪ್ಲಗಿನ್‌ಗಳನ್ನು ಪೂರ್ತಿ ಕೈಬಿಟ್ಟಿತು. ಫೈರ್‌ಫಾಕ್ಸ್ 2017ರ ಮಾರ್ಚ್‌ನ 52ನೇ ಆವೃತ್ತಿಯಲ್ಲಿ ಫ್ಲ್ಯಾಶ್ ಒಂದನ್ನು ಬಿಟ್ಟು ಉಳಿದವನ್ನೆಲ್ಲ ತೆಗೆಯಿತು. ಅಲ್ಲಿಂದ ಮುಂದೆ ಬಂದದ್ದೇ ಎಮ್‌ಸೈನರ್ ಮಾದರಿಯ ಸಹಾಯಕ ತಂತ್ರಾಂಶಗಳು. ಇದು ನಿಮ್ಮ ಕಂಪ್ಯೂಟರಿನಲ್ಲಿ, ಗಡಿಯಾರದ ಪಕ್ಕದ ಸಣ್ಣ ಚಿಹ್ನೆಯಾಗಿ ಕುಳಿತಿರುತ್ತದೆ. ಪೋರ್ಟಲ್‌ನ ಪುಟ 127.0.0.1 ಎಂಬ ವಿಳಾಸದ ಮೂಲಕ ಅದರ ಜೊತೆ ಮಾತನಾಡುತ್ತದೆ. ಆ ವಿಳಾಸದ ಅರ್ಥ ‘ಇದೇ ಕಂಪ್ಯೂಟರ್’ ಎಂದು. ಜಿಎಸ್‌ಟಿ ಪೋರ್ಟಲ್‌ನ ಎಮ್‌ಸೈನರ್ ಇದಕ್ಕಾಗಿ ಬಳಸುವ ಪೋರ್ಟ್‌ಗಳಲ್ಲಿ, ಅಂದರೆ ಸಂಪರ್ಕದ ಬಾಗಿಲುಗಳಲ್ಲಿ, 1585 ಒಂದು.

ಕಷ್ಟ ಶುರುವಾಗುವುದು ಇಲ್ಲೇ. ಆ ಸಂಪರ್ಕ ನಂಬಿಕೆಗೆ ಅರ್ಹ ಎಂದು ಬ್ರೌಸರಿಗೆ ತೋರಿಸಬೇಕಾದ ಪ್ರಮಾಣಪತ್ರವನ್ನು ಸಹಾಯಕ ತಂತ್ರಾಂಶ ತಾನೇ ತಯಾರಿಸಿಕೊಂಡಿರುತ್ತದೆ. ಬ್ರೌಸರಿಗೆ ಅದರ ಪರಿಚಯ ಇರುವುದಿಲ್ಲ. ಪುಟದಲ್ಲಿ ಕಾಣುವುದು ‘ಸಂಪರ್ಕ ಸಾಧಿಸಲಾಗಲಿಲ್ಲ, ಎಮ್‌ಸೈನರ್ ಮರಳಿ ಆರಂಭಿಸಿ’ ಎಂಬರ್ಥದ ಸಂದೇಶ. ಅದನ್ನು ನಂಬಿ ಎಮ್‌ಸೈನರ್ ಹತ್ತಾರು ಸಲ ಮುಚ್ಚಿ ತೆರೆದವರಿದ್ದಾರೆ, ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿಸಿದವರೂ ಇದ್ದಾರೆ. ಮಾಡಬೇಕಾದದ್ದು ಇಷ್ಟೇ: ಹೊಸ ಟ್ಯಾಬ್‌ನಲ್ಲಿ ಎಚ್‌ಟಿಟಿಪಿಎಸ್ ಸಹಿತ 127.0.0.1:1585 ಎಂದು ಟೈಪ್ ಮಾಡಿ, ಬರುವ ಎಚ್ಚರಿಕೆಯ ಪುಟದಲ್ಲಿ ‘ಅಡ್ವಾನ್ಸ್‌ಡ್’ ಒತ್ತಿ, ಮುಂದುವರಿಯಲು ಒಪ್ಪಿಗೆ ಕೊಡುವುದು. ಆಮೇಲೆ ಪೋರ್ಟಲ್‌ಗೆ ಮರಳಿದರೆ ಸಹಿಯ ಪೆಟ್ಟಿಗೆ ತೆರೆದುಕೊಳ್ಳುತ್ತದೆ. ಈ ಒಪ್ಪಿಗೆಯನ್ನು 127.0.0.1ಕ್ಕೆ ಬಿಟ್ಟು ಬೇರೆ ಯಾವ ವಿಳಾಸಕ್ಕೂ ಕೊಡಬೇಡಿ. ಬ್ಯಾಂಕಿನ ಪುಟದಲ್ಲಿ ಇಂಥ ಎಚ್ಚರಿಕೆ ಕಂಡರೆ ಆ ಪುಟ ಮುಚ್ಚಿ ಹೊರಗೆ ಬನ್ನಿ.

ಈಗ ಹೋಲಿಕೆಗೆ ಬರೋಣ. ಫೈರ್‌ಫಾಕ್ಸ್ ಈ ಒಪ್ಪಿಗೆಯನ್ನು ಒಮ್ಮೆ ಕೊಟ್ಟರೆ ಕಾಯಂ ಆಗಿ ನೆನಪಿಟ್ಟುಕೊಳ್ಳುತ್ತದೆ. ಕ್ರೋಮ್ ಮತ್ತು ಎಡ್ಜ್ ಕೆಲವು ದಿನಗಳ ಮಟ್ಟಿಗೆ ಮಾತ್ರ ನೆನಪಿಟ್ಟು ಆಮೇಲೆ ಮರೆಯುತ್ತವೆ. ತಿಂಗಳಿಗೊಮ್ಮೆ ಸಹಿ ಹಾಕುವ ಕಚೇರಿಯಲ್ಲಿ ‘ಹೋದ ತಿಂಗಳು ಆಗಿತ್ತು, ಈ ತಿಂಗಳು ಏಕೆ ಆಗುತ್ತಿಲ್ಲ’ ಎಂಬ ಗೋಳಿನ ಹಿಂದೆ ಇರುವುದು ಹಲವು ಸಲ ಈ ಮರೆವೇ. ಕ್ರೋಮ್, ಎಡ್ಜ್ ಎರಡೂ ವಿಂಡೋಸ್‌ನ ಪ್ರಮಾಣಪತ್ರಗಳ ಸಂಗ್ರಹವನ್ನು ಗೌರವಿಸುತ್ತವೆ. ಸಹಾಯಕ ತಂತ್ರಾಂಶದ ಪ್ರಮಾಣಪತ್ರವನ್ನು ಅಲ್ಲಿ ಸರಿಯಾಗಿ ಸ್ಥಾಪಿಸಿಬಿಟ್ಟರೆ ಎಚ್ಚರಿಕೆಯ ಪುಟವೇ ಬರುವುದಿಲ್ಲ. ಫೈರ್‌ಫಾಕ್ಸ್‌ಗೆ ತನ್ನದೇ ಸಂಗ್ರಹ ಇದೆ. 2023ರ ಕೊನೆಯಲ್ಲಿ ಬಂದ 120ನೇ ಆವೃತ್ತಿಯಿಂದ ವಿಂಡೋಸ್‌ನಲ್ಲಿ ನಾವು ಸೇರಿಸಿದ ಪ್ರಮಾಣಪತ್ರಗಳನ್ನೂ ಅದು ಒಪ್ಪುತ್ತದೆ. ಅದಕ್ಕಿಂತ ಹಳೆಯದಾದರೆ ಕೈಯಾರೆ ಒಪ್ಪಿಗೆ ಕೊಡಬೇಕು.

ಇನ್ನೊಂದು ಹೊಸ ಬದಲಾವಣೆ ಬಹಳ ಜನರ ಗಮನಕ್ಕೆ ಬಂದಿಲ್ಲ. 2025ರ ಕೊನೆಯ ಭಾಗದಲ್ಲಿ ಬಂದ ಕ್ರೋಮ್ 142ರಿಂದ, ಹೊರಗಿನ ಜಾಲತಾಣವೊಂದು ನಿಮ್ಮ ಕಂಪ್ಯೂಟರಿನೊಂದಿಗೆ ಅಥವಾ ಕಚೇರಿಯ ಒಳಜಾಲದ ಸಾಧನಗಳೊಂದಿಗೆ ಮಾತನಾಡಲು ಹೊರಟರೆ ಬ್ರೌಸರ್ ಅನುಮತಿ ಕೇಳುತ್ತದೆ. ಒಳ್ಳೆಯ ಕ್ರಮವೇ, ಕಳ್ಳತಾಣಗಳು ನಿಮ್ಮ ರೂಟರ್ ಹುಡುಕುವುದನ್ನು ಅದು ತಡೆಯುತ್ತದೆ. ಆದರೆ ಅವಸರದಲ್ಲಿ ‘ಬ್ಲಾಕ್’ ಒತ್ತಿಬಿಟ್ಟರೆ ಪೋರ್ಟಲ್‌ಗೂ ಸಹಿಯ ತಂತ್ರಾಂಶಕ್ಕೂ ನಡುವಿನ ಮಾತು ನಿಲ್ಲಬಹುದು, ಮತ್ತೆ ಪ್ರಶ್ನೆ ಬರುವುದೂ ಇಲ್ಲ. ವಿಳಾಸಪಟ್ಟಿಯ ಎಡತುದಿಯ ಚಿಹ್ನೆ ಒತ್ತಿ, ಆ ತಾಣದ ಸೆಟ್ಟಿಂಗ್‌ನಲ್ಲಿ ಸ್ಥಳೀಯ ಜಾಲದ ಅನುಮತಿಯನ್ನು ‘ಅಲೋ’ಗೆ ಬದಲಿಸಬೇಕು. ಜಿಎಸ್‌ಟಿ, ಆದಾಯ ತೆರಿಗೆಯಂಥ ಪೋರ್ಟಲ್ ಕೇಳಿದಾಗ ಕೊಡಿ, ಯಾರೋ ಕಳಿಸಿದ ಲಿಂಕ್ ಕೇಳಿದಾಗ ಕೊಡಬೇಡಿ.

ಕಂಪನಿ ವ್ಯವಹಾರಗಳ ಸಚಿವಾಲಯದ ಎಂಸಿಎ ಪೋರ್ಟಲ್‌ನ ದಾರಿ ಬೇರೆ. ಅಲ್ಲಿ ನಮೂನೆಯನ್ನು ಪುಟದಲ್ಲಿ ತುಂಬಿ, ಪಿಡಿಎಫ್ ಆಗಿ ಇಳಿಸಿಕೊಂಡು, ಅದಕ್ಕೆ ಸಹಿ ಹಾಕಿ ಮತ್ತೆ ಏರಿಸಬೇಕು. ಈ ಪಿಡಿಎಫ್‌ಗೆ ಸಹಿ ಹಾಕಲು ಬ್ರೌಸರನ್ನು ನೆಚ್ಚಿಕೊಳ್ಳಬೇಡಿ. ಅಡೋಬಿ ರೀಡರ್‌ನಲ್ಲಿಯೇ ತೆರೆಯಿರಿ. ಹಳೆಯ ಎಕ್ಸ್‌ಎಫ್‌ಎ ಮಾದರಿಯ ಸರ್ಕಾರಿ ನಮೂನೆಗಳನ್ನು ಕ್ರೋಮ್‌ನಲ್ಲಿ ತೆರೆದರೆ ‘ಪ್ಲೀಸ್ ವೇಟ್’ ಎಂಬ ಸಾಲು ಕಂಡು ಅಲ್ಲಿಗೇ ನಿಲ್ಲುತ್ತದೆ, ಎಷ್ಟು ಕಾದರೂ ಏನೂ ಬರುವುದಿಲ್ಲ. ಅಂಥವನ್ನು ಓದಲು ಫೈರ್‌ಫಾಕ್ಸ್ 2021ರ 93ನೇ ಆವೃತ್ತಿಯಿಂದ ಕಲಿತಿದೆ. ಯಾವ ಬ್ರೌಸರ್ ಆದರೂ ‘ಪಿಡಿಎಫ್‌ಗಳನ್ನು ತೆರೆಯುವ ಬದಲು ಇಳಿಸಿಕೊ’ ಎಂಬ ಆಯ್ಕೆಯನ್ನು ಸೆಟ್ಟಿಂಗ್‌ನಲ್ಲಿ ಹಾಕಿಟ್ಟರೆ ಅರ್ಧ ತಲೆನೋವು ಕಡಿಮೆಯಾಗುತ್ತದೆ.

ಹತ್ತು ಗ್ರಾಹಕರು, ಒಂದೇ ಪೋರ್ಟಲ್

ತೆರಿಗೆ ಸಲಹೆಗಾರರ ಕಚೇರಿಗೆ ನಾನು ಫೈರ್‌ಫಾಕ್ಸ್ ಬೇಕೇ ಬೇಕು ಎನ್ನುವುದು ಈ ಕಾರಣಕ್ಕೆ. ಒಂದೇ ಪೋರ್ಟಲ್‌ಗೆ ಹತ್ತಾರು ಗ್ರಾಹಕರ ಹೆಸರಿನಲ್ಲಿ ಲಾಗಿನ್ ಆಗುವ ಕೆಲಸ ಅವರದು. ಕ್ರೋಮ್‌ನಲ್ಲಾಗಲಿ ಎಡ್ಜ್‌ನಲ್ಲಾಗಲಿ ಎರಡು ಟ್ಯಾಬ್ ತೆರೆದು ಎರಡು ಗ್ರಾಹಕರಿಗೆ ಲಾಗಿನ್ ಆಗಲು ನೋಡಿದರೆ ಎರಡನೆಯ ಲಾಗಿನ್ ಮೊದಲನೆಯದನ್ನು ಅಳಿಸಿಹಾಕುತ್ತದೆ, ಏಕೆಂದರೆ ಕುಕೀಗಳು, ಅಂದರೆ ಲಾಗಿನ್ ಆದವರು ಯಾರೆಂದು ಗುರುತಿಸಲು ತಾಣ ಬ್ರೌಸರಿನಲ್ಲಿ ಇಡುವ ಸಣ್ಣ ಚೀಟಿಗಳು, ಎಲ್ಲ ಟ್ಯಾಬ್‌ಗಳಿಗೂ ಒಂದೇ. ಮೊದಲ ಟ್ಯಾಬ್ ಮಾತ್ರ ಹಳೆಯ ಗ್ರಾಹಕರ ಪುಟವನ್ನೇ ತೋರಿಸುತ್ತಾ ಇರುತ್ತದೆ. ಅಪಾಯ ಇರುವುದು ಆ ಮಬ್ಬಿನಲ್ಲಿ. ಒಬ್ಬರ ಅಂಕಿ ಇನ್ನೊಬ್ಬರ ಜಿಎಸ್‌ಟಿಐಎನ್‌ಗೆ (ಜಿಎಸ್‌ಟಿ ನೋಂದಣಿ ಸಂಖ್ಯೆಗೆ) ಹೋಗಿ ಕುಳಿತರೆ ಸರಿಪಡಿಸುವುದು ಸುಲಭವಲ್ಲ. ತಿಂಗಳ ಸಾರಾಂಶ ರಿಟರ್ನ್ ಆದ ಜಿಎಸ್‌ಟಿಆರ್-3ಬಿಯನ್ನು ಒಮ್ಮೆ ಸಲ್ಲಿಸಿದ ಮೇಲೆ ಅದನ್ನು ತಿದ್ದಿ ಮರಳಿ ಸಲ್ಲಿಸಲು ಅವಕಾಶವೇ ಇಲ್ಲ, ಮುಂದಿನ ತಿಂಗಳ ರಿಟರ್ನ್‌ನಲ್ಲಿ ಹೊಂದಿಸಬೇಕು.

ಕೆಲವರು ಇನ್‌ಕಾಗ್ನಿಟೋ ವಿಂಡೋ ಬಳಸುತ್ತಾರೆ. ಅದರಿಂದ ಎರಡು ಲಾಗಿನ್‌ವರೆಗೆ ಸಾಧ್ಯ. ಆದರೆ ಎಷ್ಟು ಇನ್‌ಕಾಗ್ನಿಟೋ ವಿಂಡೋ ತೆರೆದರೂ ಅವೆಲ್ಲ ತಮ್ಮತಮ್ಮಲ್ಲಿ ಒಂದೇ ಕುಕೀ ಗಂಟನ್ನು ಹಂಚಿಕೊಳ್ಳುವುದರಿಂದ ಮೂರನೆಯ ಗ್ರಾಹಕರಿಗೆ ಜಾಗವಿಲ್ಲ.

ಕ್ರೋಮ್ ಮತ್ತು ಎಡ್ಜ್ ಕೊಡುವ ಪರಿಹಾರ ಪ್ರೊಫೈಲ್. ಪ್ರತಿ ಪ್ರೊಫೈಲ್‌ಗೂ ಬೇರೆ ಕುಕೀ, ಬೇರೆ ಪಾಸ್‌ವರ್ಡ್ ಪಟ್ಟಿ, ಬೇರೆ ಬಣ್ಣದ ವಿಂಡೋ. ಮೂರೋ ನಾಲ್ಕೋ ಸಂಸ್ಥೆಗಳ ಲೆಕ್ಕ ನೋಡಿಕೊಳ್ಳುವವರಿಗೆ ಇದು ಬಹಳ ಅಚ್ಚುಕಟ್ಟು, ಪಾಸ್‌ವರ್ಡ್ ಅದಲುಬದಲಾಗುವ ಭಯವೂ ಇಲ್ಲ. ಮೂವತ್ತು ಗ್ರಾಹಕರಿಗೆ ಮೂವತ್ತು ಪ್ರೊಫೈಲ್ ಎಂದರೆ ಮಾತ್ರ ಯಂತ್ರವೂ ಬಳಲುತ್ತದೆ, ಮನುಷ್ಯರೂ ಬಳಲುತ್ತಾರೆ.

ಫೈರ್‌ಫಾಕ್ಸ್‌ಗೆ ಮೊಜಿಲ್ಲಾದವರೇ ಕೊಡುವ ‘ಮಲ್ಟಿ-ಅಕೌಂಟ್ ಕಂಟೇನರ್ಸ್’ ಎಂಬ ಉಚಿತ ಎಕ್ಸ್‌ಟೆನ್ಷನ್ ಇದೆ. ಅದನ್ನು ಹಾಕಿಕೊಂಡರೆ ಒಂದೇ ವಿಂಡೋದಲ್ಲಿ ಪ್ರತಿ ಟ್ಯಾಬ್ ಬೇರೆ ಕಂಟೇನರ್‌ನಲ್ಲಿ ತೆರೆಯಬಹುದು. ಕೆಂಪು ಗೆರೆಯ ಟ್ಯಾಬ್‌ನಲ್ಲಿ ಒಬ್ಬ ಗ್ರಾಹಕರು, ಹಸಿರು ಗೆರೆಯಲ್ಲಿ ಇನ್ನೊಬ್ಬರು, ನೀಲಿಯಲ್ಲಿ ಮತ್ತೊಬ್ಬರು. ಒಬ್ಬರ ಲಾಗಿನ್ ಇನ್ನೊಬ್ಬರದನ್ನು ಮುಟ್ಟುವುದಿಲ್ಲ. ಕಂಟೇನರ್‌ಗೆ ಗ್ರಾಹಕರ ಹೆಸರನ್ನೇ ಇಡಬಹುದು. ಒಂದು ಎಚ್ಚರಿಕೆ: ಕುಕೀಗಳು ಬೇರೆಯಾದರೂ ಉಳಿಸಿಟ್ಟ ಪಾಸ್‌ವರ್ಡ್ ಪಟ್ಟಿ ಎಲ್ಲ ಕಂಟೇನರ್‌ಗಳಿಗೂ ಒಂದೇ. ಆದ್ದರಿಂದ ಬಳಕೆದಾರರ ಹೆಸರು ತಾನಾಗಿ ತುಂಬಿಕೊಂಡಾಗ ಕಣ್ಣಾಡಿಸಲೇಬೇಕು. ಲಾಗಿನ್ ಆದ ಮೇಲೆ ಜಿಎಸ್‌ಟಿಐಎನ್ ಓದಿಕೊಳ್ಳುವ ಅಭ್ಯಾಸವೂ ಒಳ್ಳೆಯದು. ಕರ್ನಾಟಕದ್ದಾದರೆ ಮೊದಲೆರಡು ಅಂಕಿ ಎಲ್ಲರಿಗೂ 29; ನೋಡಬೇಕಾದದ್ದು ಅದರ ಮುಂದಿನ ಹತ್ತು ಅಕ್ಷರ, ಅಂದರೆ ಪ್ಯಾನ್.

ಪಾಸ್‌ವರ್ಡ್ ವಿಷಯ ಬಂದಿದ್ದರಿಂದ ಇದನ್ನೂ ಹೇಳಬೇಕು. ಹಲವರು ಕೂರುವ ಒಂದೇ ಕಂಪ್ಯೂಟರಿನಲ್ಲಿ ಗ್ರಾಹಕರ ಬ್ಯಾಂಕ್ ಪಾಸ್‌ವರ್ಡ್ ಉಳಿಸುವುದು ಯಾವ ಬ್ರೌಸರಿನಲ್ಲೂ ಸಲ್ಲದು. ಪೋರ್ಟಲ್ ಪಾಸ್‌ವರ್ಡ್ ಉಳಿಸಲೇಬೇಕಾದರೆ ಫೈರ್‌ಫಾಕ್ಸ್‌ನಲ್ಲಿ ‘ಪ್ರೈಮರಿ ಪಾಸ್‌ವರ್ಡ್’ ಎಂಬ ಬೀಗ ಹಾಕಿ. ಕ್ರೋಮ್ ಮತ್ತು ಎಡ್ಜ್‌ನ ಭದ್ರತೆ ವಿಂಡೋಸ್ ಲಾಗಿನ್‌ಗೆ ಅಂಟಿಕೊಂಡಿದೆ; ಇಡೀ ಕಚೇರಿಗೆ ಒಂದೇ ವಿಂಡೋಸ್ ಲಾಗಿನ್ ಇದ್ದರೆ ಆ ಭದ್ರತೆಗೆ ಅರ್ಥವಿಲ್ಲ.

ಹಣ ಕಟ್ಟಿ ಹಿಂತಿರುಗುವಾಗ

ಚಲನ್ ತಯಾರಿಸಿ, ಬ್ಯಾಂಕಿನ ಪುಟಕ್ಕೆ ಹೋಗಿ, ಹಣ ಕಡಿತವಾಗಿ, ಪೋರ್ಟಲ್‌ಗೆ ಮರಳುವಷ್ಟರಲ್ಲಿ ‘ನೀವು ಲಾಗ್‌ಔಟ್ ಆಗಿದ್ದೀರಿ’ ಎಂದು ಬರುವುದನ್ನು ಕಾಣದ ಲೆಕ್ಕಿಗರು ಕಡಿಮೆ. ಇದಕ್ಕೆ ಕಾರಣ ಎರಡು ಬಗೆ.

ಮೊದಲನೆಯದು ಪಾಪ್-ಅಪ್ ತಡೆ. ಬ್ಯಾಂಕಿನ ಪುಟ ಹೊಸ ವಿಂಡೋದಲ್ಲಿ ತೆರೆಯುವಂತಿದ್ದರೆ ಮೂರೂ ಬ್ರೌಸರ್‌ಗಳು ಅದನ್ನು ತಡೆದು, ವಿಳಾಸಪಟ್ಟಿಯ ಬಲತುದಿಯಲ್ಲೋ ಪುಟದ ಮೇಲ್ಭಾಗದಲ್ಲೋ ಸಣ್ಣ ಸೂಚನೆ ಕೊಟ್ಟು ಸುಮ್ಮನಾಗುತ್ತವೆ. ನೀವು ನಂಬುವ ಪೋರ್ಟಲ್‌ಗೆ ಮಾತ್ರ ಪಾಪ್-ಅಪ್ ಅನುಮತಿ ಕೊಟ್ಟು, ಉಳಿದವಕ್ಕೆ ತಡೆ ಹಾಗೆಯೇ ಇರಲಿ.

ಎರಡನೆಯದು ಕುಕೀ ನೀತಿ. 2020ರಲ್ಲಿ ಬಂದ ಕ್ರೋಮ್ 80ರಿಂದ, ತಾಣ ಕಟ್ಟಿದವರು ಸ್ಪಷ್ಟವಾಗಿ ಬೇರೆ ಹೇಳದಿದ್ದರೆ, ಹೊರಗಿನ ತಾಣದಿಂದ ಬರುವ ಕೆಲವು ಬಗೆಯ ಕೋರಿಕೆಗಳ ಜೊತೆ ಲಾಗಿನ್ ಕುಕೀಯನ್ನು ಬ್ರೌಸರ್ ಕಳಿಸುವುದಿಲ್ಲ. ಬ್ಯಾಂಕಿನಿಂದ ಪೋರ್ಟಲ್‌ಗೆ ಹಿಂತಿರುಗುವ ಹೆಜ್ಜೆ ಹಲವು ಸಲ ಇದೇ ಬಗೆಯದು. ಹಳೆಯ ಕಾಲದಲ್ಲಿ ಕಟ್ಟಿದ ಪೋರ್ಟಲ್ ತನ್ನ ಕುಕೀಗೆ ಸರಿಯಾದ ಗುರುತು ಹಾಕದಿದ್ದರೆ ಕ್ರೋಮ್ ಮತ್ತು ಎಡ್ಜ್‌ನಲ್ಲಿ ಲಾಗಿನ್ ಕಳೆದುಹೋಗುತ್ತದೆ. ಫೈರ್‌ಫಾಕ್ಸ್ ಈ ವಿಷಯದಲ್ಲಿ ಅಷ್ಟು ಬಿಗಿಯಾಗಿಲ್ಲ. ಆದರೆ ಇನ್ನೊಂದು ಕಡೆ ಅದೇ ಹೆಚ್ಚು ಬಿಗಿ: 2022ರಿಂದ ಫೈರ್‌ಫಾಕ್ಸ್ ಪ್ರತಿ ತಾಣದ ಕುಕೀಗಳನ್ನು ಬೇರೆಬೇರೆ ಡಬ್ಬದಲ್ಲಿ ಇಡುತ್ತದೆ. ಒಂದು ತಂತ್ರಾಂಶದ ಪುಟದೊಳಗೆ ಇನ್ನೊಂದು ಕಂಪನಿಯ ವರದಿಯೋ ಪಾವತಿ ಚೌಕಟ್ಟೋ ಕಾಣುವಂತಿದ್ದರೆ ಅಲ್ಲಿ ಮತ್ತೆ ಲಾಗಿನ್ ಕೇಳಬಹುದು. ಸಫಾರಿಯೂ 2020ರಿಂದ ಹೊರತಾಣಗಳ ಕುಕೀಗಳನ್ನು ಪೂರ್ತಿ ತಡೆಯುತ್ತದೆ. ಫೈರ್‌ಫಾಕ್ಸ್‌ನಲ್ಲಿ ವಿಳಾಸದ ಪಕ್ಕದ ಗುರಾಣಿ ಚಿಹ್ನೆ ಒತ್ತಿ ಆ ಒಂದು ತಾಣಕ್ಕೆ ಮಾತ್ರ ರಕ್ಷಣೆ ಸಡಿಲಿಸಬಹುದು.

ಏನೇ ಆಗಲಿ, ಲಾಗ್‌ಔಟ್ ಆಯಿತೆಂದು ಗಾಬರಿಯಾಗಿ ಬೇರೆ ಬ್ರೌಸರ್ ತೆರೆದು ಎರಡನೆಯ ಸಲ ಹಣ ಕಟ್ಟಬೇಡಿ. ಮೊದಲು ಬ್ಯಾಂಕ್ ಖಾತೆ ನೋಡಿ, ಆಮೇಲೆ ಪೋರ್ಟಲ್‌ನ ಚಲನ್ ಇತಿಹಾಸ ಮತ್ತು ನಗದು ಲೆಜರ್ ನೋಡಿ. ಹಣ ಕಡಿತವಾಗಿಯೂ ಲೆಜರ್‌ಗೆ ಬರದಿದ್ದರೆ ಅದಕ್ಕೆಂದೇ ಜಿಎಸ್‌ಟಿ ಪಿಎಂಟಿ-07 ಎಂಬ ದೂರಿನ ನಮೂನೆ ಇದೆ.

ನಿದ್ದೆಗೆ ಜಾರುವ ಟ್ಯಾಬ್

ಮೆಮೊರಿ ಉಳಿಸಲು ಎಡ್ಜ್ ‘ಸ್ಲೀಪಿಂಗ್ ಟ್ಯಾಬ್ಸ್’ ಬಳಸುತ್ತದೆ, ಕ್ರೋಮ್ ‘ಮೆಮೊರಿ ಸೇವರ್’ ಬಳಸುತ್ತದೆ. 4 ಜಿಬಿಯ ಹಳೆಯ ಯಂತ್ರದಲ್ಲಿ ಇದು ದೊಡ್ಡ ಉಪಕಾರ. ಎಡ್ಜ್‌ನ ನಿದ್ದೆ ಸಾಮಾನ್ಯವಾಗಿ ತೆಳು. ಟ್ಯಾಬ್‌ಗೆ ಮರಳಿದರೆ ಪುಟ ಇದ್ದ ಹಾಗೆಯೇ ಏಳುತ್ತದೆ. ಕ್ರೋಮ್ ಪುಟವನ್ನು ಮೆಮೊರಿಯಿಂದಲೇ ತೆಗೆದು, ಮರಳಿದಾಗ ಹೊಸದಾಗಿ ತರುತ್ತದೆ. ಉದ್ದದ ನಮೂನೆಯನ್ನು ಅರ್ಧ ತುಂಬಿ, ಬಿಲ್ ಹುಡುಕಲು ಬೇರೆ ಟ್ಯಾಬ್‌ಗೆ ಹೋಗಿ ಬಹಳ ಹೊತ್ತಿನ ಮೇಲೆ ಬಂದರೆ ತುಂಬಿದ್ದು ಮಾಯವಾಗಿರುವ ಸಾಧ್ಯತೆ ಇದೆ. ಎರಡೂ ಬ್ರೌಸರ್‌ಗಳಲ್ಲಿ ‘ಈ ತಾಣಗಳನ್ನು ಸದಾ ಎಚ್ಚರವಾಗಿಡು’ ಎಂಬ ಪಟ್ಟಿ ಇದೆ. ರಿಟರ್ನ್ ಪೋರ್ಟಲ್‌ಗಳು, ಬ್ಯಾಂಕು, ನಿಮ್ಮ ಬಿಲ್ಲಿಂಗ್ ತಂತ್ರಾಂಶ ಇವನ್ನು ಅದಕ್ಕೆ ಸೇರಿಸಿ.

ಇಂಟರ್ನೆಟ್ ಎಕ್ಸ್‌ಪ್ಲೋರರ್ ಬಿಡದ ತಂತ್ರಾಂಶ

ಹಳೆಯ ಹಾಜರಾತಿ ಯಂತ್ರದ ಪುಟ, ಸಿಸಿಟಿವಿ ಪೆಟ್ಟಿಗೆಯ ಪುಟ, ಹದಿನೈದು ವರ್ಷ ಹಿಂದೆ ಯಾರೋ ಬರೆದುಕೊಟ್ಟ ದಾಸ್ತಾನು ತಂತ್ರಾಂಶ. ಇವು ಆ್ಯಕ್ಟಿವ್‌ಎಕ್ಸ್ ಇಲ್ಲದೆ ಬಾಯಿ ಬಿಡುವುದಿಲ್ಲ. ಮೈಕ್ರೋಸಾಫ್ಟ್ 2022ರ ಜೂನ್ 15ಕ್ಕೆ ಇಂಟರ್ನೆಟ್ ಎಕ್ಸ್‌ಪ್ಲೋರರ್ 11ಕ್ಕೆ ವಿದಾಯ ಹೇಳಿತು. 2023ರ ಫೆಬ್ರುವರಿ 14ರಂದು ಬಂದ ಎಡ್ಜ್ ಅಪ್‌ಡೇಟ್ ಅದನ್ನು ವಿಂಡೋಸ್ 10ರ ಹೆಚ್ಚಿನ ಯಂತ್ರಗಳಲ್ಲಿ ಕಾಯಂ ಆಗಿ ನಿಷ್ಕ್ರಿಯಗೊಳಿಸಿತು. ಉಳಿದಿರುವ ಅಧಿಕೃತ ದಾರಿ ಒಂದೇ, ಹಳೆಯ ಇಂಟರ್ನೆಟ್ ಎಕ್ಸ್‌ಪ್ಲೋರರಿನಂತೆಯೇ ಪುಟ ತೆರೆಯುವ, ಎಡ್ಜ್‌ನೊಳಗಿನ ಐಇ ಮೋಡ್. ಕನಿಷ್ಠ 2029ರವರೆಗೆ ಇದನ್ನು ಉಳಿಸಿಕೊಳ್ಳುವುದಾಗಿ ಮೈಕ್ರೋಸಾಫ್ಟ್ ಹೇಳಿದೆ. ಕ್ರೋಮ್‌ನಲ್ಲೂ ಫೈರ್‌ಫಾಕ್ಸ್‌ನಲ್ಲೂ ಇದಿಲ್ಲ. ಎಡ್ಜ್‌ಗೆ ಮೊದಲ ಮಣೆ ಹಾಕಲು ಈ ಒಂದು ಕಾರಣ ಸಾಕು.

ಎಡ್ಜ್ ಸೆಟ್ಟಿಂಗ್‌ನ ‘ಡೀಫಾಲ್ಟ್ ಬ್ರೌಸರ್’ ಪುಟದಲ್ಲಿ ಐಇ ಮೋಡ್‌ಗೆ ಅನುಮತಿ ಕೊಟ್ಟು, ಬೇಕಾದ ವಿಳಾಸವನ್ನು ಅಲ್ಲಿಯ ಪಟ್ಟಿಗೆ ಸೇರಿಸಬೇಕು. ಹೀಗೆ ಸೇರಿಸಿದ್ದು 30 ದಿನ ಮಾತ್ರ ಉಳಿಯುತ್ತದೆ, ಆಮೇಲೆ ಮತ್ತೆ ಸೇರಿಸಬೇಕು. ಹತ್ತಾರು ಯಂತ್ರಗಳಿರುವ ಕಚೇರಿಯಾದರೆ ಕಂಪ್ಯೂಟರ್ ನೋಡಿಕೊಳ್ಳುವವರು ‘ಎಂಟರ್‌ಪ್ರೈಸ್ ಮೋಡ್ ಸೈಟ್ ಲಿಸ್ಟ್’ ಎಂಬ ಕಡತ ಮಾಡಿ ಎಲ್ಲ ಯಂತ್ರಗಳಿಗೂ ಕಾಯಂ ಆಗಿ ಹಾಕಬಹುದು. 2025ರಲ್ಲಿ ದಾಳಿಕೋರರು ಜನರನ್ನು ಮರುಳುಮಾಡಿ ಐಇ ಮೋಡ್‌ನಲ್ಲಿ ಪುಟ ತೆರೆಸಿ ಯಂತ್ರಗಳಿಗೆ ನುಗ್ಗಿದ್ದು ಬೆಳಕಿಗೆ ಬಂದ ಮೇಲೆ, ಸಾಮಾನ್ಯ ಬಳಕೆದಾರರಿಗೆ ಮೊದಲಿದ್ದ ಒಂದೇ ಒತ್ತಿನ ಬಟನ್‌ಅನ್ನು ಮೈಕ್ರೋಸಾಫ್ಟ್ ತೆಗೆಯಿತು. ಅಪಾಯ ಎಷ್ಟು ನಿಜ ಎಂಬುದಕ್ಕೆ ಇದು ಸಾಕ್ಷಿ. ಐಇ ಮೋಡ್ ಪಟ್ಟಿಯಲ್ಲಿ ಕಚೇರಿಯೊಳಗಿನ ವಿಳಾಸಗಳು ಮಾತ್ರ ಇರಲಿ. ಆ ತಂತ್ರಾಂಶವನ್ನು ಬದಲಿಸುವ ಖರ್ಚನ್ನು ಈ ವರ್ಷದ ಲೆಕ್ಕದಲ್ಲಿಯೇ ಎತ್ತಿಡಿ.

ಬಿಲ್ ಮುದ್ರಣ, ಕನ್ನಡ ಅಕ್ಷರ, ದಿನಾಂಕ

ಅಂಗಡಿಯ ಕೌಂಟರ್‌ನಲ್ಲಿ ಬ್ರೌಸರ್ ಮೂಲಕ ಬಿಲ್ ಹೊಡೆಯುವವರಿಗೆ ಬೇಕಾದದ್ದು ಮಧ್ಯೆ ಪ್ರಿಂಟ್ ಪೆಟ್ಟಿಗೆ ಬಾರದೆ ಚೀಟಿ ನೇರ ಹೊರಗೆ ಬರುವುದು. ಕ್ರೋಮ್ ಮತ್ತು ಎಡ್ಜ್‌ನ ಶಾರ್ಟ್‌ಕಟ್‌ಗೆ ‘ಕಿಯಾಸ್ಕ್ ಪ್ರಿಂಟಿಂಗ್’ ಎಂಬ ಸೂಚನೆ ಸೇರಿಸಿದರೆ ಇದು ಸಾಧ್ಯ. ಫೈರ್‌ಫಾಕ್ಸ್‌ನಲ್ಲೂ ಒಳಗಿನ ಸೆಟ್ಟಿಂಗ್ ಒಂದಿದೆ, ಆದರೆ ಬಿಲ್ಲಿಂಗ್ ತಂತ್ರಾಂಶದವರು ಪರೀಕ್ಷಿಸಿರುವುದು ಹೆಚ್ಚಾಗಿ ಕ್ರೋಮ್‌ನಲ್ಲೇ. ಕೌಂಟರ್ ಯಂತ್ರಕ್ಕೆ ಕ್ರೋಮ್ ಅಥವಾ ಎಡ್ಜ್ ಇರಲಿ. ಬಿಲ್ಲಿನ ಮೇಲೆ ಕೆಳಗೆ ತಾಣದ ವಿಳಾಸ, ದಿನಾಂಕ ಅಚ್ಚಾಗುತ್ತಿದ್ದರೆ ಪ್ರಿಂಟ್ ಪೆಟ್ಟಿಗೆಯಲ್ಲಿ ‘ಹೆಡರ್ಸ್ ಆ್ಯಂಡ್ ಫೂಟರ್ಸ್’ ಗುರುತು ತೆಗೆಯಿರಿ, ಅಂಚನ್ನು ಸೊನ್ನೆ ಮಾಡಿ.

ಕನ್ನಡದಲ್ಲಿ ಬಿಲ್ ಕೊಡಬೇಕೆನ್ನುವವರಿಗೆ ಬ್ರೌಸರ್ ಮುದ್ರಣವೇ ಅನುಕೂಲ. ಥರ್ಮಲ್ ಪ್ರಿಂಟರ್‌ಗೆ ಅಕ್ಷರಗಳನ್ನು ನೇರವಾಗಿ ಕಳಿಸುವ ಪದ್ಧತಿಯಲ್ಲಿ ಪ್ರಿಂಟರಿನೊಳಗೇ ಕನ್ನಡ ಫಾಂಟ್ ಇರಬೇಕಾಗುತ್ತದೆ, ಸಾಮಾನ್ಯವಾಗಿ ಇರುವುದಿಲ್ಲ. ಬ್ರೌಸರ್ ಮತ್ತು ಡ್ರೈವರ್ ಮೂಲಕ ಹೋದರೆ ಅಕ್ಷರ ಚಿತ್ರವಾಗಿ ಅಚ್ಚಾಗುವುದರಿಂದ ಒತ್ತಕ್ಷರವೂ ಸರಿಯಾಗಿ ಮೂಡುತ್ತದೆ. ಅಕ್ಷರ ಜೋಡಿಸಲು ಕ್ರೋಮ್, ಎಡ್ಜ್, ಫೈರ್‌ಫಾಕ್ಸ್ ಮೂರೂ ಬಳಸುವುದು ಹಾರ್ಫ್‌ಬಝ್ ಎಂಬ ಒಂದೇ ತಂತ್ರಾಂಶವನ್ನು. ಹಾಗಾಗಿ ಕನ್ನಡ ಒಂದರಲ್ಲಿ ಚೆನ್ನಾಗಿಯೂ ಇನ್ನೊಂದರಲ್ಲಿ ಕೆಟ್ಟದಾಗಿಯೂ ಕಂಡರೆ ಮೊದಲು ಫಾಂಟ್ ನೋಡಿ. ಹಳೆಯ ನುಡಿ, ಬರಹ ಫಾಂಟ್‌ಗಳ ಆಸ್ಕಿ ಅಕ್ಷರಗಳಲ್ಲಿ ತುಂಬಿಟ್ಟ ಗ್ರಾಹಕರ ಹೆಸರುಗಳು ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳಂತೆ ಕಂಡರೆ ಯಾವ ಬ್ರೌಸರ್ ಬದಲಿಸಿಯೂ ಪ್ರಯೋಜನವಿಲ್ಲ. ದತ್ತಾಂಶವನ್ನೇ ಯುನಿಕೋಡ್‌ಗೆ ಪರಿವರ್ತಿಸಬೇಕು.

ಕ್ರೋಮ್ ಮತ್ತು ಎಡ್ಜ್ ಕನ್ನಡದ ಪುಟ ಕಂಡೊಡನೆ ಅನುವಾದಿಸಲು ಮುಂದಾಗುತ್ತವೆ. ನಮೂನೆ ತುಂಬುವ ಪುಟಗಳಲ್ಲಿ ಅದನ್ನು ನಿಲ್ಲಿಸಿ. ಅನುವಾದವು ಪುಟದ ಒಳರಚನೆಯನ್ನೇ ಬದಲಿಸುವುದರಿಂದ ಬಟನ್‌ಗಳು ಕೆಲಸ ಮಾಡದೆ ಹೋಗುವುದುಂಟು.

ದಿನಾಂಕದ ಮೋಸ ಇದಕ್ಕಿಂತ ಸೂಕ್ಷ್ಮ. ಬ್ರೌಸರಿನ ಭಾಷೆ ಅಮೆರಿಕದ ಇಂಗ್ಲಿಷ್ ಆಗಿದ್ದರೆ ಕೆಲವು ತಂತ್ರಾಂಶಗಳ ದಿನಾಂಕದ ಚೌಕದಲ್ಲಿ ತಿಂಗಳು ಮೊದಲು ಬರುತ್ತದೆ. 04/05 ಎಂಬುದು ಮೇ 4 ಹೋಗಿ ಏಪ್ರಿಲ್ 5 ಆಗುತ್ತದೆ, ಬಿಲ್ ಬೇರೆ ತಿಂಗಳ ರಿಟರ್ನ್‌ಗೆ ಸೇರುತ್ತದೆ. ಬ್ರೌಸರಿನ ಭಾಷೆಯನ್ನು ಭಾರತದ ಇಂಗ್ಲಿಷ್‌ಗೋ ಕನ್ನಡಕ್ಕೋ ಬದಲಿಸಿ, ವಿಂಡೋಸ್‌ನ ಪ್ರದೇಶವೂ ಭಾರತವೇ ಆಗಿದೆಯೇ ಎಂದು ನೋಡಿಕೊಳ್ಳಿ.

ಹಳೆಯ ಯಂತ್ರಗಳು

ವಿಂಡೋಸ್ 7ರಲ್ಲಿ ಕೆಲಸ ಮಾಡುವ ಕೊನೆಯ ಕ್ರೋಮ್ ಮತ್ತು ಎಡ್ಜ್ 2023ರ ಜನವರಿಯ 109ನೇ ಆವೃತ್ತಿ. ಫೈರ್‌ಫಾಕ್ಸ್‌ನಲ್ಲಿ 115 ಇಎಸ್‌ಆರ್ (ಹೆಚ್ಚು ಕಾಲ ಬೆಂಬಲ ಸಿಗುವ ಆವೃತ್ತಿ) ಕೊನೆಯದು. ಅಂಥ ಯಂತ್ರವನ್ನು ಇನ್ನೂ ಬಳಸಲೇಬೇಕಾದರೆ ಇವುಗಳಲ್ಲಿ ಫೈರ್‌ಫಾಕ್ಸ್ ಮೇಲು, ಏಕೆಂದರೆ ಕ್ರೋಮ್ 109ಕ್ಕೆ ಭದ್ರತಾ ತಿದ್ದುಪಡಿ ನಿಂತುಹೋದ ಮೇಲೂ 115 ಇಎಸ್‌ಆರ್‌ಗೆ ಬಹಳ ಕಾಲ ಬರುತ್ತಿತ್ತು. ಆದರೆ ಬ್ಯಾಂಕಿನ ಕೆಲಸ ಅದರಲ್ಲಿ ಬೇಡ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದ್ದರೂ, ಅದರಲ್ಲಿ ಎಡ್ಜ್‌ಗೆ 2028ರ ಅಕ್ಟೋಬರ್‌ವರೆಗಾದರೂ ಅಪ್‌ಡೇಟ್ ಕೊಡುವುದಾಗಿ ಅದೇ ಸಂಸ್ಥೆ ತಿಳಿಸಿದೆ.

ಕೊನೆಗೆ ಯಾರಿಗೆ ಯಾವುದು

ಹಲವು ಗ್ರಾಹಕರ ರಿಟರ್ನ್ ಸಲ್ಲಿಸುವ ಕಚೇರಿಗೆ: ದಿನನಿತ್ಯದ ಲಾಗಿನ್‌ಗಳಿಗೆ ಕಂಟೇನರ್ ಸಹಿತ ಫೈರ್‌ಫಾಕ್ಸ್, ಡಿಎಸ್‌ಸಿ ಸಹಿಗೆ ಎಡ್ಜ್, ಒಂದರಲ್ಲಿ ಸಹಿ ಕೈಕೊಟ್ಟರೆ ಇನ್ನೊಂದು. ಒಂದೇ ಸಂಸ್ಥೆಯ ಲೆಕ್ಕ ವಿಭಾಗಕ್ಕೆ, ಅದರಲ್ಲೂ ಹಳೆಯ ಒಳತಂತ್ರಾಂಶ ಇದ್ದರೆ, ಎಡ್ಜ್ ಮುಖ್ಯ. ಅಂಗಡಿಯ ಕೌಂಟರ್‌ಗೆ ಕ್ರೋಮ್ ಅಥವಾ ಎಡ್ಜ್, ಅದರಲ್ಲಿ ಬಿಲ್ಲಿಂಗ್ ಬಿಟ್ಟು ಬೇರೇನೂ ಬೇಡ. ಬ್ರೇವ್‌ನಂಥವು ಮನೆಯ ಓದಿಗೆ ಒಳ್ಳೆಯವು; ಅವುಗಳ ಜಾಹೀರಾತು ತಡೆ ಪೋರ್ಟಲ್‌ಗಳ ಪಾವತಿ ಪುಟಕ್ಕೆ ಅಡ್ಡ ಬರುವ ಸಾಧ್ಯತೆ ಇರುವುದರಿಂದ ಕಚೇರಿಗೆ ನಾನು ಹೇಳುವುದಿಲ್ಲ. ಸಹಿಗೂ ಬ್ಯಾಂಕಿಗೂ ಮೀಸಲಾದ ಬ್ರೌಸರಿನಲ್ಲಿ ಎಕ್ಸ್‌ಟೆನ್ಷನ್ ಒಂದೂ ಇರಬಾರದು.

ಹೊಸ ತಂತ್ರಾಂಶ ಕೊಳ್ಳುವವರು ಮಾರುವವರ ಬಳಿ ‘ಫೈರ್‌ಫಾಕ್ಸ್ ಇಎಸ್‌ಆರ್‌ನಲ್ಲಿ ಪರೀಕ್ಷಿಸಿದ್ದೀರಾ’ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ. ಎರಡು ಎಂಜಿನ್‌ಗಳಲ್ಲಿ ನಡೆಯುವ ತಂತ್ರಾಂಶ ನಾಳೆ ಬ್ರೌಸರ್ ಬದಲಾದಾಗಲೂ ನಡೆಯುವ ಸಂಭವ ಹೆಚ್ಚು. ‘ಕ್ರೋಮ್‌ನ ಹಳೆಯ ಆವೃತ್ತಿ ಇಟ್ಟುಕೊಳ್ಳಿ, ಅಪ್‌ಡೇಟ್ ಮಾಡಬೇಡಿ’ ಎಂದು ಸಲಹೆ ಕೊಡುವವರಿಂದ ಕೊಳ್ಳಬೇಡಿ.

ಅಪ್‌ಡೇಟ್ ಬಗ್ಗೆ ಕಾಲದ ಲೆಕ್ಕವೂ ಮುಖ್ಯ. ಬ್ರೌಸರ್‌ಗಳ ಹೊಸ ಆವೃತ್ತಿ ಬರುವುದು ವಾರಗಳ ಲೆಕ್ಕದಲ್ಲಿ. ಬದಲಾವಣೆ ಕಡಿಮೆ ಇರಲಿ ಎನ್ನುವವರಿಗೆ ಭದ್ರತಾ ತಿದ್ದುಪಡಿ ತಪ್ಪದೆ ಸಿಗುವ, ಆದರೆ ದೊಡ್ಡ ಬದಲಾವಣೆ ಸುಮಾರು ವರ್ಷಕ್ಕೊಮ್ಮೆ ಬರುವ ಫೈರ್‌ಫಾಕ್ಸ್ ಇಎಸ್‌ಆರ್ ಇದೆ. ಎಡ್ಜ್‌ನಲ್ಲಿ ಸಂಸ್ಥೆಗಳಿಗೆಂದು ಎಂಟು ವಾರದ ‘ಎಕ್ಸ್‌ಟೆಂಡೆಡ್ ಸ್ಟೇಬಲ್’ ಇದೆ. ಜಿಎಸ್‌ಟಿಆರ್-1ಕ್ಕೆ 11, 3ಬಿಗೆ 20, ಟಿಡಿಎಸ್‌ಗೆ 7, ಪಿಎಫ್, ಇಎಸ್‌ಐಗೆ 15 ಎಂಬ ತಾರೀಖುಗಳು ನಿಮಗೆ ಗೊತ್ತೇ ಇವೆ. ಬ್ರೌಸರ್ ಮುಚ್ಚಿ ತೆರೆದು ಅಪ್‌ಡೇಟ್ ಮುಗಿಸುವ ಕೆಲಸ ತಿಂಗಳ ಮೊದಲ ವಾರದಲ್ಲೇ ಆಗಲಿ. ಅದೇ ದಿನ ಟೋಕನ್ ಚುಚ್ಚಿ, ಜಿಎಸ್‌ಟಿ ಪೋರ್ಟಲ್‌ನಲ್ಲಿ ಡಿಜಿಟಲ್ ಸಹಿ ನೋಂದಾಯಿಸುವ ಪುಟಕ್ಕೆ ಹೋಗಿ ‘ಪ್ರೊಸೀಡ್’ ಒತ್ತಿ. ನಿಮ್ಮ ಹೆಸರಿನ ಪ್ರಮಾಣಪತ್ರ ಪೆಟ್ಟಿಗೆಯಲ್ಲಿ ಕಂಡರೆ ಅಲ್ಲಿಗೇ ರದ್ದು ಮಾಡಿ ಹೊರಗೆ ಬನ್ನಿ. ಕಾಣದಿದ್ದರೆ ಬ್ರೌಸರಿನ ಆವೃತ್ತಿ ಸಂಖ್ಯೆ, ದೋಷ ಸಂದೇಶದ ಪೂರ್ತಿ ಸಾಲು, ಟೋಕನ್‌ನ ಕಂಪನಿಯ ಹೆಸರು ಈ ಮೂರನ್ನು ಬರೆದಿಟ್ಟುಕೊಂಡು ಸಹಾಯವಾಣಿಗೆ ಕರೆ ಮಾಡಿ. ಆಗ 3ಬಿಗೆ ಇನ್ನೂ ಸುಮಾರು ಎರಡು ವಾರ ಕೈಯಲ್ಲಿರುತ್ತದೆ.